ಬೆಸ ಪದಗಳು

ಹತ್ತೂರೆ ಮೇಡಂ ಬೋರ್ಡಿನ ಮೇಲೆ ಬರೆದದ್ದು
ಕೋಟೆಯ ತೆನೆಯಂಥ ಗೆರೆ: ಏರು, ಚಪ್ಪಟೆ, ಇಳಿ, ಚಪ್ಪಟೆ.
ನನಗದು ಸಾಖರ ಪೇಠದ ಶೆಡ್ಡು.
ಖಟ್ ಅಂತ ಲಾಳಿ ಈ ಕಡೆ, ಖಟ್ ಅಂತ ಆ ಕಡೆ,
ನಡುವೆ ಚಾದರದ ಒಂದೆಳೆ.
ಈ ಮೂಲೆಗಳನ್ನೆಲ್ಲ, ಮೂಲೆಯೇ ಇಲ್ಲದ
ಅಲೆಗಳಿಂದ ಕಟ್ಟಬೇಕಂತೆ.
ಹೇಳಿದ್ದು ಮರಾಠಿಯಲ್ಲಿ, ಬರೆದದ್ದು ಇಂಗ್ಲಿಷಿನಲ್ಲಿ.
ನಾನು ಅಂಚಿಗೆ ಪೆನ್ಸಿಲಿನಿಂದ ಕನ್ನಡದಲ್ಲಿ:
ಒಂದು, ಮೂರು, ಐದು, ಏಳು. ಬೆಸ ಪದ ಮಾತ್ರ.

ಪದ ಅಂದರೆ ಟರ್ಮು.
ಅವ್ವನಿಗೆ ಹೇಳಿದೆ, ನಕ್ಕಳು:
"ಇಷ್ಟ್ ಫೀ ತುಗೊಂಡು ಪದಾ ಹಾಡೂದು ಕಲಸ್ತಾರೇನ?"

ಬಾಗಿದ ಡಿ ಬಂದದ್ದು ಅದಕ್ಕೂ ಮೊದಲು, ಆಗಸ್ಟಿನಲ್ಲಿ.
ಉಳಿದದ್ದೆಲ್ಲ ನಿಂತಿದೆ ಎಂದುಕೊಂಡು
ಒಂದನ್ನಷ್ಟೇ ಅಲುಗಿಸಿ ನೋಡುವ ವಿದ್ಯೆ.
ನಮ್ಮ ಮನೆಯಲ್ಲಿ ಉಳಿದದ್ದೆಲ್ಲ ನಿಂತ ದಿನ ಯಾವುದು?
ನೂಲಿನ ದರ ಏರಿದ ವಾರವೇ ಚಿಲ್ವೇರಿ ಶೇಠ
ಎಂಟು ಮಗ್ಗ ಗುಜರಿಗೆ ಹಾಕಿದ, ಅದೇ ವಾರ
ನೀರಿನ ಟ್ಯಾಂಕರು ತಪ್ಪಿತು, ಅಣ್ಣನ ನಿಶ್ಚಯ ಮುರಿಯಿತು.
ಆದರೂ ಬಿಡಿಸಿದೆ. ಹನ್ನೊಂದು ಲೆಕ್ಕದಲ್ಲಿ ಎಂಟು ಸರಿ.

ಕರ್ಲ್ ಮಾತ್ರ ಓದದೆ ಬಂತು.
ಡಬ್ಬಿ ಕೊಡಲು ಹೋದಾಗ, ಎರಡು ಮಗ್ಗದ ಸಂದಿಯಲ್ಲಿ
ಹತ್ತಿಯ ಒಂದು ತುಣುಕು
ಮುಂದೆ ಹೋಗದೆ, ಕೆಳಗೆ ಬೀಳದೆ
ತನ್ನ ಸುತ್ತ ತಾನೇ ತಿರುಗುತ್ತಿತ್ತು.
ಬಲಗೈ ಬೆರಳು ಮಡಚಿ, ಹೆಬ್ಬೆರಳು ಎತ್ತಿ
ದಿಕ್ಕು ಹಿಡಿಯುತ್ತ ನಿಂತೆ.
ಅಪ್ಪ ದೂರದಿಂದ ನೋಡಿ
ತಾನೂ ಹೆಬ್ಬೆರಳು ಎತ್ತಿದ:
ಎಲ್ಲಾ ಛಲೋ ಐತಿ.

ಶಾಖದ ಸಮೀಕರಣ ಮಾರ್ಚಿನಲ್ಲಿ.
ಸೊಲ್ಲಾಪುರದಲ್ಲಿ ಅದಕ್ಕೆ ಉದಾಹರಣೆ ಬೇಕಿಲ್ಲ.
ಸರಳಿನ ಎರಡೂ ತುದಿ ಮಂಜುಗಡ್ಡೆಯಲ್ಲಿಡು,
ನಡುವಿನ ಬಿಸಿಯನ್ನು ಅಲೆಗಳಾಗಿ ಬಿಡಿಸು.
ಮೊದಲ ಪದ ಮೆಲ್ಲಗೆ ಆರುತ್ತದೆ,
ಮೂರನೆಯದು ಅದರ ಒಂಬತ್ತು ಪಟ್ಟು ಬೇಗ,
ಐದನೆಯದು ಇಪ್ಪತ್ತೈದು.
ಚೂಪಾದದ್ದೇ ಮೊದಲು ಹೋಗುವುದು.
ಕೊನೆಗೆ ಉಳಿಯುವುದು ಒಂದು ನುಣ್ಣನೆಯ ಗುಡ್ಡ.
"ಕಾಲ ತಿರುಗಿಸಿ ಹಿಂದಕ್ಕೆ ಓಡಿಸಬಹುದಾ, ಮೇಡಂ?"
ಕೇಳಿದವಳು ರುಕ್ಸಾನಾ ಬಾಗವಾನ.
ಮೇಡಂ ಡಸ್ಟರ್ ಕೆಳಗಿಟ್ಟರು.
ಓಡಿಸಿ ನೋಡು, ಕೂದಲೆಳೆಯಷ್ಟು ತಪ್ಪೂ ಬೆಟ್ಟವಾಗುತ್ತದೆ.

ಸಿವಿಲ್ ಆಸ್ಪತ್ರೆಯಲ್ಲಿ ಅಪ್ಪನಿಗೆ ಹೆಡ್‌ಫೋನು ಹಾಕಿ
ಕೇಳಿದಾಗಲೆಲ್ಲ ಬೆರಳೆತ್ತು ಎಂದರು.
ಬೆರಳು ಎದ್ದಿತು, ಎದ್ದಿತು,
ಆಮೇಲೆ ತೊಡೆಯ ಮೇಲೇ ಇತ್ತು.
ಗಾಜಿನಾಚೆ ಹುಡುಗ ಇನ್ನೂ ಗುಂಡಿ ಒತ್ತುತ್ತಲೇ ಇದ್ದ.
ಕೊಟ್ಟ ಚೀಟಿಯಲ್ಲೊಂದು ಗ್ರಾಫು:
ಇನ್ನೂರೈವತ್ತು, ಐನೂರು, ಸಾವಿರ,
ಅಲ್ಲಿಂದ ಗೆರೆ ಬಾವಿಗೆ ಬಿದ್ದ ಕೊಡ.
ಆ ಅಡ್ಡಗೆರೆ ನನಗೆ ಗೊತ್ತು, ವರ್ಷವಿಡೀ ಬೋರ್ಡಿನ ಮೇಲೆ ನೋಡಿದ್ದೆ.
ಇಪ್ಪತ್ತೆಂಟು ವರ್ಷದ ಖಟ್ ಖಟ್
ಮೇಲಿನ ಪದಗಳನ್ನು ಒಂದೊಂದಾಗಿ ಕತ್ತರಿಸಿತ್ತು.
ಯುನಿವರ್ಸಿಟಿಗೂ ನಮ್ಮಲ್ಲಿ ಸಾಲಿ ಅಂತಲೇ.
"ಸಾಲಿಗೆ ಹೊಂಟೆ" ಅಂದರೆ ಅಪ್ಪ,
"ಖಾಲಿ? ಏನ್ ಖಾಲಿ ಆತು?"
ರೇಗಿದ್ದೆ. ಒಂದು ಸಲ ಅಲ್ಲ.

ಎಷ್ಟು ಪದ ಕೂಡಿಸಿದರೂ ಜಿಗಿತದ ಬದಿಗೆ
ಒಂದು ಕೊಂಬು ಉಳಿದೇ ಉಳಿಯುತ್ತದೆ,
ತೆಳ್ಳಗಾಗುತ್ತದೆ, ಎತ್ತರ ಮಾತ್ರ ತಗ್ಗದು.
ಅದನ್ನು ಪರೀಕ್ಷೆಯಲ್ಲಿ ಕೇಳಲಿಲ್ಲ.

ನಿನ್ನೆ ಪಾಳಿ ಮುಗಿಯುವ ಹೊತ್ತಿಗೆ ಶೆಡ್ಡಿಗೆ ಹೋದೆ,
ದಾರಿಯುದ್ದ ಮಾತು ಆರಿಸುತ್ತ:
ಸ ಬೇಡ, ಶ ಬೇಡ, ಕ ತ ಪ ಯಾವುದೂ ಬೇಡ.
ಬಾಗಿಲಿಗೆ ಬರುವಷ್ಟರಲ್ಲಿ ಕರೆಂಟು ಹೋಯಿತು.
ಉಳಿದದ್ದೆಲ್ಲ ನಿಂತಿತು.
ಅಪ್ಪ ಬೆನ್ನು ಹಾಕಿ ಕಡಿದ ಎಳೆ ಹುಡುಕುತ್ತಿದ್ದ.
ಕೂಗಲಿಲ್ಲ.
"ಮನೀಗೆ ನಡಿ," ಅಂದೆ.
ತಿರುಗಿದ.
ಕೈಗಂಟಿದ ನೂಲು ಒರೆಸಿಕೊಳ್ಳುತ್ತ
"ನಡಿ" ಅಂದ.