ಕಣಿಕಿ

ಚಿಂತಾಕಿಗೆ ನಾ ಸೊಸಿಯಾಗಿ ಬಂದದ್ದು
ಜೋಳ ಕೊಯ್ದ ಮ್ಯಾಲ, ಬಣಮಿ ಒಟ್ಟೋ ವಾರದಾಗ.
ಗಡಿ ಆಚಿ ನಾರಾಯಣಖೇಡದಿಂದ ತಂದದ್ದು
ಎರಡು ಟ್ರಂಕು, ಒಂದು ಹೊಲಿಗಿ ಮಶೀನು,
ಮತ್ತ ನಾಲಿಗಿ ಮ್ಯಾಲ ಒಂದು ಮಾತು: ಚೊಪ್ಪ.

"ಎಮ್ಮಿಗಿ ಚೊಪ್ಪ ಹಾಕ್ಲೇನ್ರಿ?" ಅಂದೆ ಮೊದಲನೆ ಮುಂಜಾನಿ.
ಅತ್ತಿ ಝರೆಮ್ಮ ಸೆರಗು ಬಾಯಿಗಿಟ್ಟು ನಕ್ಕಳು
ಓಣಿಗೆಲ್ಲ ಕೇಳಂಗ.
"ಕಣಿಕಿ ಅನ್ನವ್ವ, ಕಣಿಕಿ. ನಿನ್ನ ಚೊಪ್ಪ ತಿಂದ್ರ
ನಮ್ಮೆಮ್ಮಿ ತೆಲುಗಿನಾಗ ಹಾಲು ಕೊಟ್ಟೀತು."

ಅವತ್ತಿಂದ ಪಾಠ.
ನಿಂತಿದ್ರ ದಂಟು, ಕೊಯ್ದು ಒಣಗಿಸಿದ್ರ ಕಣಿಕಿ,
ಕಣಿಕಿ ಕಟ್ಟಿದ್ರ ಸೂಡು,
ಕುಡಗೋಲು ನೆಲದಾಗ ಬಿಟ್ಟು ಹೋದದ್ದು ಕೂಳಿ.
ಕೂಳಿ ಮಾತ್ರ ಆಕಿ ಹೇಳಿಕೊಡ್ಲಿಲ್ಲ.
ಬುತ್ತಿ ಹೊತ್ತು ಬರಿಗಾಲಿಲೆ ಹೊಲ ದಾಟುವಾಗ
ಅಂಗಾಲಿನಾಗ ತಾನೇ ಬಂದು ಕುಂತಿತು ಆ ಮಾತು.
ಸೂಜಿ ಕಾಸಿ ಮುರುಕು ತಗದಾಕಿ ಅತ್ತಿನೇ.
"ಕೂಳಿ" ಅಂದಳು.
"ಗೊತ್ತಾತ್ರಿ" ಅಂದೆ.

ತೊಗರಿ ಕಟಗಿಗಿ ನಾ ಕಂದಿ ಕಟ್ಟೆ ಅಂದೆ.
"ಕಟ್ಟಿ ಮ್ಯಾಲ ಗಂಡಸರು ಕೂಡ್ತಾರ, ಒಲಿಯಾಗ ಹಾಕಬ್ಯಾಡ."
ಬದನಿಕಾಯಿ ತೊಡಿಮ ಕಿತ್ತು ಹೆಚ್ಚಾಕ ಕುಂತೆ,
ಕೈಮ್ಯಾಲ ಏಟು ಬಿತ್ತು:
"ತೊಟ್ಟು ಇರಲಿ! ತೊಟ್ಟು ಹಿಡದು ತಿನ್ನೋ ಕಾಯಿ ಇದು."
ವರ್ಷ ತುಂಬಿದ ಮ್ಯಾಲ, ನಡುರಾತ್ರಿ, ಕೂಸು ಅಳತಿದ್ರ
ದೀಪ ಸಣ್ಣ ಮಾಡಿ ಅದೇ ಮಾತು, ಬ್ಯಾರೆ ದನಿಲೆ:
"ತೊಟ್ಟು ಬಾಯಿಗಿಡು. ಇಡು. ತಾನೇ ಹಿಡಿತದ."
ಮೂರು ದಿನ ಹೊಟ್ಟಿ ಕಟ್ಟಿದ ಕೂಸಿಗಿ
ವೀಳ್ಯದೆಲಿ ದೇಟು ಹರಳೆಣ್ಣಿಯಾಗ ಅದ್ದಿದಾಗ
ಬಾಜು ಮನಿ ಸೋಜರಬಾಯಿ ಹಣಿಕಿ ಹಾಕಿ
"ದೇಠ ಮೆತ್ತಗದ ನೋಡ್ಕೋ" ಅಂದಳು.
ಮರಾಠಿ ಆ ದೇಟಿಗಿ ಒಂದು ಉಸಿರು ಹೆಚ್ಚಿಗಿ ಕೊಡ್ತದ, ಅಷ್ಟೇ.

ಭಾಲ್ಕಿಯಿಂದ ಬಂಡಿ ತರೋ ಗಫೂರಸಾಬಗ ಅದು ಕಡಬಿ.
"ನೂರು ಸೂಡಿಗಿ ಎಷ್ಟು, ಝರೆಮ್ಮ, ನಿನ್ನ ಕಡಬಿ?"
ರೊಕ್ಕ ಎಣಿಸುವಾಗ ಅತ್ತಿ
ಯಾರ ಮಾತೂ ತಿದ್ದತಿರಲಿಲ್ಲ.

ಮಗಳ ಪುಸ್ತಕದಾಗ ಕಾಂಡ ಅಂತಿತ್ತು.
ಬೇರು, ಕಾಂಡ, ಎಲೆ, ಬಾಣದ ಗುರ್ತು ಹಾಕಿ.
"ಎಲ್ಲಿ ಆತು ಕಾಂಡ? ಯಾರು ಸತ್ರು?"
ಅತ್ತಿಗಿ ಕಾಂಡ ಅಂದ್ರ ಟಿವಿಯೊಳಗಿನ ಹಿಂದಿ ಸುದ್ದಿ.
ದಂಟಿನ ಬೆಂಡು ಸುಲಿದು ಬಂಡಿ ಮಾಡತಿದ್ದ ಹುಡುಗಿ
ಗಾಲಿ ಕೈಬಿಟ್ಟು ಹೊಟ್ಟಿ ಹಿಡದು ನಕ್ಕಳು.

ಇಪ್ಪತ್ತೆರಡು ವರ್ಷ.
ಈಗ ನಾ ಕನಸಿನಾಗೂ ಕಣಿಕಿ ಅಂತೀನಿ,
ತವರಿಗಿ ಹೋದ್ರ ತಮ್ಮನ ಹೆಂಡ್ತಿ ನಗತಾಳ.

ಹೋದ ಪುಷ್ಯದಾಗ ಅತ್ತಿಗಿ ಲಕ್ವಾ ಹೊಡೀತು.
ಬಲಗೈ ಹೋತು. ಬಾಯಿ ಸೊಟ್ಟಾತು.
ಹೆಸರೆಲ್ಲ ಉದುರಿದವು:
ಮಗನ ಹೆಸರು, ಊರಿನ ಹೆಸರು, ನೀರು, ಕೌದಿ.
"ತೋರಿಸಿ ಕೇಳ್ರಿ, ಒಂದೊಂದೇ ಬರ್ತಾವ"
ಅಂದ ಬೀದರಿನ ಡಾಕ್ಟರ.
ಯಾವುದು ಮೊದಲು ಬರ್ತದ ಅಂತ ಹೇಳಲಿಲ್ಲ.

ನಿನ್ನಿ ಸಂಜಿಕ ಅಂಗಳದಾಗ ಕುಂದ್ರಿಸಿದ್ದೆ.
ಎಮ್ಮಿ ಒದರಿತು.
ಅತ್ತಿ ಎಡಗೈ ಎತ್ತಿ ಬಣಮಿ ಕಡಿ ತೋರಿಸಿ
ಬಾಯಾಗ ಏನೋ ಹೊರಳಿಸಿ, ಹುಡುಕಿ, ಬಿಟ್ಟು, ಮತ್ತ ಹುಡುಕಿ
ಅಂದಳು: "ಚೊ... ಚೊಪ್ಪ."

ಕೈಯಾಗಿನ ಬುಟ್ಟಿ ಅಲ್ಲೇ ಬಿಟ್ಟೆ.
"ಕಣಿಕಿ ಅನ್ರಿ ಅತ್ತಿ" ಅಂದೆ, "ಕಣಿಕಿ."
ಅರ್ಧ ಬಾಯಿಲೆ ನಕ್ಕಳು,
ಬಾಯಿಗಿಡಾಕ ಸೆರಗು ಹುಡುಕಿದಳು,
ಎಡಗೈಗಿ ಅದು ಸಿಗಲಿಲ್ಲ.

ಎಮ್ಮಿ ಮತ್ತ ಒದರಿತು.
ಒಂದು ಸೂಡು ಹಿರಿದು ಹಾಕಿದೆ.