ಇರಲಿ

ಟಾಂಗಾ ಕೂಟದ ಹಿಂದಿನ ಪ್ರೆಸ್ಸಿನಾಗ
ಹಗಲೆಲ್ಲಾ ಲಗ್ನಪತ್ರಿಕಿ ಟೈಪ್ ಮಾಡ್ತೀನಿ.
ಎಡಕ್ಕ ಚಿ. ರಾ., ಬಲಕ್ಕ ಚಿ. ಸೌ.,
ಮ್ಯಾಲ ಗಣಪ್ಪ.
ಹೆಸರಷ್ಟ ಬದಲಾಗ್ತಾವ, ಚೌಕಟ್ಟು ಹೋದ ವರ್ಷದ್ದ.

ಕರೆಂಟ್ ಹೋದಾಗ
ಹಾಳಾದ ಕಾರ್ಡಿನ ಬೆನ್ನಿಗೆ ಕತಿ ಬರೀತೀನಿ.
ರಾತ್ರಿ ಎಂಟೂವರಿ ಧಾರಾವಾಹಿಯ ಇಬ್ಬರು ಹೆಂಗಸರು,
ಸೊಸಿ ವೈಜಯಂತಿ, ಆಕಿ ವೈರಿ ಮಧುಲತಾ.
ಆರನೂರು ಕಂತಿನಿಂದ ಒಬ್ಬರಿಗೊಬ್ಬರು ವಿಷ ಹಾಕ್ತಾರ
ಒಬ್ಬ ಗಂಡಸಿನ ಸಲುವಾಗಿ.
ಅವಗೂ ಒಂದು ಹೆಸರೈತಿ, ನೆನಪಾಗವಲ್ದು.

ಕಪಾಳಕ್ಕ ಏರಿದ ಕೈ
ಮೂರು ಸಲ ತೋರಸ್ತಾರಲ್ಲ, ಢಣ್ ಢಣ್ ಅಂತ,
ಮೂರನೇ ಸಲಕ್ಕ ವೈಜಯಂತಿ ಆ ಕೈ ನೋಡಿದ್ಲು.
ವೈರಿ ಹಂಗ ನೋಡೂದಿಲ್ಲ.
ಬರದವರಿಗೆ ಗೊತ್ತಿಲ್ಲ. ನನಗ ಗೊತ್ತಾತು.

ಮೊದಲ ಕತಿಯೊಳಗ ಅವರನ್ನ
ಹಿಮದ ಗುಡ್ಡಕ್ಕ ಕಳಿಸಿದ್ದೆ.
ಇಬ್ಬರಿಗೂ ಬಿಳಿ ಸೀರಿ, ಗಾಳಿ, ಹುಣ್ಣಿವಿ ಚಂದ್ರ,
ಮುಟ್ಟಿದ ಕೂಡ್ಲೆ ಮಿಂಚು.
ಕಡೀಕ ಒಬ್ಬಾಕಿ ಸಾಯೂದು.
ಇಂಥಾ ಕತಿಯೊಳಗ ಒಬ್ಬಾಕಿ ಸಾಯಾಕ ಬೇಕಂತ
ಯಾರು ಹೇಳಿಕೊಟ್ಟಿದ್ರೋ ನನಗ.

ಕರಡು ತಿದ್ದೂದು ನೀಲಗಂಗಾ ಅಸುಂಡಿ,
ಇಪ್ಪತ್ತಾರು ವರ್ಷದಿಂದ ಅದ ಕುರ್ಚಿ, ಅದ ಕೆಂಪು ಪೆನ್ನು.
ಮುದ್ದಾಂ ಕೊಡಲಿಲ್ಲ ನಾ; ಪತ್ರಿಕಿಗಳ ಜೋಡಿ ಹೋಗಿತ್ತು.
ತಿರುಗಿ ಬಂದಾಗ ಚಂದ್ರನ ಮ್ಯಾಲ ಗೀಟು.
ಮಿಂಚಿನ ಮ್ಯಾಲ ಗೀಟು.
“ಬಿಳಿ ಸೀರಿ ಒಗಿಯೂದು ಯಾರು?”
“ಸತ್ತಾಕಿನ್ನ ಎಬ್ಬಸು.”
ಅಂಚಿನಾಗ, ಇರಿವಿ ಸಾಲಿನಂಗ:
“ಮನಿ ಬಾಡಿಗಿ ಕೇಳಾಕ ಹೋದಾಗ ಮಾಲಕ ಅಂತಾನ,
ಅಕ್ಕ ತಂಗೀನ ನೀವು?
ಆಗ ಹೂಂ ಅಂದಾಕಿ ಯಾರು, ಅದನ್ನ ಬರಿ.
ಹೂಂ ಅಂದ ಮ್ಯಾಲ ಆಕಿ ರಾತ್ರಿ ಉಂಡ್ಲೋ ಇಲ್ಲೋ,
ಅದನ್ನ ಬರಿ.”

ನಿಮಗ ಹೆಂಗ ಗೊತ್ರೀ, ಅಂದೆ.
ಆಕಿ ಚಷ್ಮಾ ಒರಸಿದ್ಲು.
ಬದನಿಕಾಯಿ ಭಜಿ ಆರತಾವ, ತಿನ್ನು, ಅಂದ್ಲು.
ಸಂಜೀಕ ಬೆಟಗೇರಿ ಬಸ್ಸಿನ ಕಿಡಕಿಯೊಳಗ
ಆಕಿ ಪಕ್ಕದ ಸೀಟಿಗೆ ಟವೆಲ್ ಹಾಕಿತ್ತು,
ಮುಂದಿನ ಸ್ಟಾಪಿನಾಗ ಹತ್ತೂ ನರ್ಸ್ ಫಿಲೋಮಿನಾಗ.
ದಿನಾ ಹಾಕ್ತಿದ್ಲು. ನಾ ದಿನಾ ನೋಡ್ತಿದ್ದೆ.
ಓದಿರಲಿಲ್ಲ.

ಈಗ ವೈಜಯಂತಿ, ಮಧುಲತಾ ಮಸಾರಿ ಓಣಿಯಾಗ ಅದಾರ.
ತಗಡಿನ ಮನಿ, ನಳಕ್ಕ ಎಂಟು ದಿನಕ್ಕೊಮ್ಮೆ ನೀರು.
ತಾಯಿ ಬಂದ್ರ ಇನ್ನೊಂದು ಹಾಸಿಗಿ ಹಾಸ್ತಾರ,
ಅದಕ್ಕ ಮಲಗಿದಂಗ ಸುಕ್ಕು ಮಾಡ್ತಾರ.
ತಾಯಿ ಆ ಸುಕ್ಕು ನೋಡಿ ಏನೂ ಅನ್ನೂದಿಲ್ಲ,
ಹೋಗೂ ಮುಂದ ಇಬ್ಬರಿಗೂ ಕುಬಸದ ಬಟ್ಟಿ ಕೊಡ್ತಾಳ.
ಮಿಂಚಿಲ್ಲ.
ಅಗಳಿ ಎರಡು ಸಲ ನೋಡ್ತಾರ, ದೀಪ ಆರಸ್ತಾರ,
ಬಳಿ ಸಪ್ಪಳಾಗ್ತಾವಂತ ತಗದು ಡಬ್ಬಿಗೆ ಹಾಕ್ತಾರ,
ಡಬ್ಬಿ ಕೈ ಜಾರಿ ಬಿದ್ದು
ಓಣಿಗೆಲ್ಲಾ ಕೇಳತೈತಿ.
ಬಾಯಿಗೆ ಸೆರಗ ತುರುಕಿಕೊಂಡು ನಗ್ತಾರ.
ಮುಂದಿಂದು ನಾ ಬರದಿಲ್ಲ. ಅದು ಅವರದು.

ಮೊನ್ನೆ ಕೈ ತಪ್ಪಿತೋ, ತಪ್ಪಿಸಿದೆನೋ,
ಒಂದು ಕರಡಿನಾಗ ಎಡಕ್ಕೂ ಚಿ. ಸೌ., ಬಲಕ್ಕೂ ಚಿ. ಸೌ.
ನೀಲಗಂಗಾ ರೂಢಿ ಪ್ರಕಾರ ಗೀಟು ಎಳದ್ಲು.
ಮತ್ತ ಪೆನ್ನು ನಿಂತು ಬಿಡ್ತು.
ಹೊಡದ ಗೀಟಿನ ಕೆಳಗ
ಒಂದೊಂದ ಚುಕ್ಕಿ ಇಡಕೋತ ಹೋದ್ಲು.
ನಮ್ಮ ಪ್ರೆಸ್ಸಿನ ಕಾಯ್ದೆದಾಗ ಆ ಚುಕ್ಕಿಗೆ ಅರ್ಥ:
ಅಳಿಸಬ್ಯಾಡ್ರಿ.
ಅಂಚಿನಾಗ ಬರದ್ಲು, ‘ಇರಲಿ’.
ಆಮ್ಯಾಲ ಕರಡು ಮಡಚಿ ತನ್ನ ಪರ್ಸಿಗೆ ಹಾಕಿ
“ಮಾಲಕರು ಬರೂದ್ರಾಗ ಫೈಲ್ ತಗದು ಬಿಡವಾ” ಅಂದ್ಲು.
ತಗದೆ.

ಇವತ್ತ ಎಂಟೂವರಿಗೆ
ಮಧುಲತಾ ಹಾಲಿನಾಗ ವಿಷ ಬೆರಸ್ತಾಳಂತ.
ಬೆರಸ್ಲಿ.
ನನ್ನ ಮಸಾರಿ ಮನ್ಯಾಗ ಆ ಹಾಲು
ಮಾತಾಡಕೋತ ಕುಂತಾಗ ಉಕ್ಕಿ ಹೋಗೈತಿ,
ಯಾರದು ತಪ್ಪು ಅಂತ ಜಗಳಾಡಕೋತ
ಇಬ್ಬರೂ ಗ್ಯಾಸಿನ ಕಟ್ಟಿ ಒರಸಾಕತ್ತಾರ.