ಹೊಟ್ಟಿ ಕೆಳಗಿನ ಸಾಲು

ಸೊಲ್ಲಾಪುರದ ಅಕ್ಕಲಕೋಟ ರೋಡಿನ ಚಾದರ ಕಾರಖಾನಿಯೊಳಗ
ಬಾಯ್ಲರಿನ ಮೈ ಇನ್ನೂ ಬತ್ತಲೆ ಇತ್ತು.
ಬಂದಗಿಸಾಬ ಮಿಸ್ತ್ರಿ ಖಡು ಹಿಡಿದು ಗೆರಿ ಹೊಡೆದ:
ಬಗಲಿಗೆ ಒಂದೊಂದು ಫೂಟಿಗೆ ಒಂದು ಪಿನ್ನು,
ಹೊಟ್ಟಿ ಕೆಳಗ ಅರ್ಧ ಫೂಟಿಗೆ ಒಂದು.
"ಕೆಳಗ್ಯಾಕ ಅಷ್ಟು ದಟ್ಟ?" ಅಂದೆ.
"ಮ್ಯಾಲಿಂದು ತಾನ ಕೂತಿರತದ.
ಕೆಳಗಿಂದು ಜೋತಾಡಬೇಕು, ಬಾಯಿ."

ಪಿಸ್ತೂಲಿನಂಥದ್ದು ಒತ್ತಿದರ
ಚಟ್!
ರೆಪ್ಪಿ ಮುಚ್ಚಿ ತೆಗಿಯೋದರೊಳಗ
ತಾಮ್ರಬಣ್ಣದ ಪಿನ್ನು ಕಬ್ಬಿಣದಾಗ ಬೇರು ಬಿಟ್ಟಿರತದ.
ಒಂದೊಂದಕ್ಕೂ ಸುತ್ತಗಿ ತಾಗಿಸಿ ಕಿವಿ ಕೊಡತಿದ್ದ.
ಟಣ್ ಅಂದರ ಇರಲಿ.
ಧಡ್ ಅಂದರ ಮುರಿ, ಹೊಸಾದು ಹಚ್ಚು.

ಅಂವ ನಿಲ್ಲಸತಿದ್ದ, ನಾ ಉಡಸತಿದ್ದೆ.
ಕಲ್ಲು ಕರಗಿಸಿ ಮಾಡಿದ ಉಣ್ಣಿ ಅಂತ ಅದು,
ನಮ್ಮೂರಾಗ ಕಲ್ಲನ್ನೂ ನೂಲಾಗದ ಬಿಡಂಗಿಲ್ಲ ನೋಡ್ರಿ!
ಗಾದಿ ಹಂಗ ಎತ್ತಿ ಒತ್ತಿದರ
ಪಿನ್ನಿನ ತುದಿ ಹೊರಗ ಇಣುಕಬೇಕು,
ಅದರ ಮ್ಯಾಲ ಜಾಳಿಗಿ, ಜಾಳಿಗಿ ಮ್ಯಾಲ ಹಲ್ಲಿನ ವಾಶರು.
ಒಮ್ಮೆ ಇಳೀತಂದರ ಅದು ಹಿಂದ ಬರಂಗಿಲ್ಲ.
ಸಂಜೀಕ ಮೈಯೆಲ್ಲ ನವಿ. ತಿಕ್ಕಬಾರದು,
ತಣ್ಣೀರು ಸುರುವಿಕೊಂಡು ಸುಮ್ಮನಿರಬೇಕು.
ಗಂಡ ಮಗ್ಗಲಿಗೆ ಬಂದರ ಅವಗೂ ತುರಿಕಿ.

ಒಂದು ರಾತ್ರಿ ಪಾಳಿ, ಸಾಹೇಬ ಚಾಕ್ಕ ಹೋಗಿದ್ದ.
ಹೊಟ್ಟಿ ಕೆಳಗ ಅಂಗಾತ ಬಿದ್ದಿದ್ದ ಬಂದಗಿಸಾಬ
ಹೊರಳಿ ಹೊರಗ ಬಂದು ಪಿಸ್ತೂಲು ನನ್ನ ಕೈಯಾಗಿಟ್ಟ.
"ಕಲ್ತರೂ ನಿನಗ ಹೆಲ್ಪರಿನ ಪಗಾರನ ಕೊಡತಾರ.
ಹಂಗಂತ ಬಿಡಬ್ಯಾಡ."
ಹನ್ನೊಂದು ಪಿನ್ನು ಹಚ್ಚಿದೆ.
ಸಾಲು ಸೊಟ್ಟ, ಕುಡದಂವ ಮನಿಗೆ ಬಂದಂಗ.
ಅಂವ ಬಡದು ಕೇಳಿದ. ಹತ್ತು ಟಣ್ ಅಂದವು.
ಒಂದಕ್ಕ ಮತ್ತೊಮ್ಮೆ ಬಡದ,
ನನ್ನ ಮಾರಿ ನೋಡಲಿಲ್ಲ, ಮುಂದ ಸರದ.

ಮರುದಿನ ಅಲ್ಯುಮಿನಿಯಂ ಪತ್ರಾ ಎಲ್ಲಾ ಮುಚ್ಚಿತು.
ಸಾಹೇಬ ಅದರಾಗ ಮಾರಿ ನೋಡಿಕೊಂಡು
ಕ್ರಾಪು ತಿದ್ದಿಕೊಂಡ.

ಹತ್ತೊಂಬತ್ತು ವರ್ಷ ಆತು.
ಕಾರಖಾನಿಗೆ ಕೀಲಿ, ಬಾಯ್ಲರು ಭಂಗಾರಕ್ಕ.
ಪತ್ರಾ ಬಿಚ್ಚಾಕ ಮತ್ತ ನನ್ನನ್ನ ಕರದರು.
ಬಂದಗಿಸಾಬ ಮಣ್ಣಾಗ್ಯಾನ,
ಅವನ ಮಗ ಮೆಹಮೂದ ಗ್ಯಾಸ್ ಕಟರ್ ಹಿಡದು ನಿಂತಾನ.
ಉಣ್ಣಿ ಮುಟ್ಟಿದರ ಹಿಟ್ಟು.
ಪಿನ್ನು ನಿಂತಾವ, ಹೊದ್ದದ್ದು ಹೋದ ಮ್ಯಾಲೂ
ಯಾರನ್ನೋ ಕಾಯೋರ ಹಂಗ.

ಅಂಗಾತ ಕೆಳಗ ಸರದೆ, ಬ್ಯಾಟರಿ ಬಿಟ್ಟೆ,
ಸಿಕ್ಕಿತು ಸೊಟ್ಟ ಸಾಲು.
ಪಾನಾದಿಂದ ಒಂದೊಂದ ಬಡದೆ.
ಏಳನೇದು
ಧಡ್.

"ಮಾವಶಿ, ಹೊರಗ ಬಾ, ಬೆಂಕಿ ಹಚ್ಚತೀನಿ."
"ನಿಂದ್ರು. ಕಿಲೋಕ್ಕ ಎಷ್ಟು ಕೊಡತಾರ?"
"ಇಪ್ಪತ್ತೆಂಟು."

ಹಿಡದು ಎಡಕ್ಕ ಬಗ್ಗಿಸಿದೆ, ಬಲಕ್ಕ ಬಗ್ಗಿಸಿದೆ,
ಕೈಯೆಲ್ಲ ತುಕ್ಕು, ಕಣ್ಣಾಗ ಉಣ್ಣಿ ಹಿಟ್ಟು.
ಬರಲಿಲ್ಲ.